ನಿಂತು ನೋಡಿದವರಿಗೆ ಬಾಗಿಲು ತೆರೆದ ಆಟ

ಮರದ ಹಲಗೆಗಳ ಧಕ್ಕೆ. ಪಕ್ಕದಲ್ಲೇ ಮುಳುಗಿ ನಿಂತ ಹಡಗು. ನೀರಿನ ಮೇಲೆ ಕಾಣುವುದು ಅದರ ಕೂವೆಮರ ಮಾತ್ರ. ಗುಡ್ಡದ ಮೇಲೆ ಭಾರಿ ಹಲ್ಲುಚಕ್ರಗಳು, ಇನ್ನೊಂದು ಬದಿಗೆ ಕಂಬಗಳ ಸಾಲಿನ ಗ್ರಂಥಾಲಯ. ಮನುಷ್ಯರ ಸುಳಿವಿಲ್ಲ. ಏನು ಮಾಡಬೇಕೆಂದು ಹೇಳುವವರೂ ಇಲ್ಲ. ಪರದೆಯ ಮೂಲೆಯಲ್ಲಿ ಅಂಕಗಳ ಲೆಕ್ಕವಿಲ್ಲ, ಉಳಿದ ಜೀವಗಳ ಎಣಿಕೆಯಿಲ್ಲ, ಹೊತ್ತು ಮೀರಿತೆಂದು ಎಚ್ಚರಿಸುವ ಗಡಿಯಾರವಿಲ್ಲ. ಹಾದಿಯ ಹುಲ್ಲಿನಲ್ಲಿ ಒಂದು ಚೀಟಿ ಬಿದ್ದಿದೆ. ಅಟ್ರಸ್ ಎಂಬಾತ ಕ್ಯಾಥರೀನ್ ಎಂಬಾಕೆಗೆ ಬರೆದದ್ದು: ದ್ವೀಪದಲ್ಲಿರುವ ಗುರುತಿನ ಸ್ವಿಚ್ಚುಗಳೆಷ್ಟು ಎಂದು ಎಣಿಸಿ ಆ ಸಂಖ್ಯೆಯನ್ನು ಧಕ್ಕೆಯ ಬಳಿಯ ಕೋಣೆಯ ಯಂತ್ರಕ್ಕೆ ಕೊಡು, ನಿನಗೊಂದು ಸಂದೇಶವಿದೆ. ಚೀಟಿ ಬರೆದದ್ದು ನಿಮಗಲ್ಲ. ಆದರೂ ಓದುತ್ತೀರಿ, ಎಣಿಸಲು ಹೊರಡುತ್ತೀರಿ.

1993ರ ಸೆಪ್ಟೆಂಬರಿನಲ್ಲಿ ಮೊದಲು ಮ್ಯಾಕಿಂಟಾಷ್ ಕಂಪ್ಯೂಟರುಗಳಿಗೆ ಬಂದ ‘ಮಿಸ್ಟ್’ ಶುರುವಾಗುವುದು ಹೀಗೆ. ಗುಂಡು ಹಾರಿಸುವುದಿಲ್ಲ, ಓಡುವುದಿಲ್ಲ, ಸಾಯುವುದೂ ಇಲ್ಲ. ಮೌಸ್ ಹಿಡಿದು ಒಂದು ಸ್ಥಿರಚಿತ್ರದಿಂದ ಇನ್ನೊಂದಕ್ಕೆ ಹೋಗುವುದಷ್ಟೇ ಆಟ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದೂಕು ಹಿಡಿದು ರಾಕ್ಷಸರನ್ನು ಬೇಟೆಯಾಡುವ ‘ಡೂಮ್’ ಬಂತು. ಇಷ್ಟಾದರೂ ಮಿಸ್ಟ್‌ನ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2002ರಲ್ಲಿ ‘ದಿ ಸಿಮ್ಸ್’ ಹಿಂದಿಕ್ಕುವವರೆಗೆ ಅತಿ ಹೆಚ್ಚು ಮಾರಾಟವಾದ ಪರ್ಸನಲ್ ಕಂಪ್ಯೂಟರ್ ಆಟ ಎಂಬ ಪಟ್ಟ ಇದರದೇ ಆಗಿತ್ತು.

ಇಂಥ ಆಟ ಬೇಕೆಂದು ಯಾರೂ ಸಿದ್ಧಾಂತ ಮಾಡಿ ಕೂತು ಕಟ್ಟಿದ್ದಲ್ಲ. ಆ ಕಾಲದ ಯಂತ್ರಗಳಿಗೆ ಏನು ಆಗುತ್ತಿರಲಿಲ್ಲವೋ ಅದನ್ನು ಒಪ್ಪಿಕೊಂಡು, ಅದರೊಳಗೇ ಕೆಲಸ ಮಾಡಿದವರಿಂದ ಇದು ಹುಟ್ಟಿತು.

ಗುಹೆಯಿಂದ ಹೊರಟ ದಾರಿ

ಬೇರು ಹುಡುಕಿದರೆ ಅಮೆರಿಕದ ಕೆಂಟಕಿ ರಾಜ್ಯದ ಮ್ಯಾಮತ್ ಗುಹೆಗೆ ಇಳಿಯಬೇಕಾಗುತ್ತದೆ. ವಿಲ್ ಕ್ರೌದರ್ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್‌ಗೆ ದುಡಿದ ಪ್ರೋಗ್ರಾಮರ್. ಬಿಡುವಿನಲ್ಲಿ ಗುಹೆ ಹೊಕ್ಕು ನಕ್ಷೆ ಬರೆಯುವ ಹವ್ಯಾಸಿ. ದಾಂಪತ್ಯ ಮುರಿದ ಮೇಲೆ, ತನ್ನ ಹೆಣ್ಣುಮಕ್ಕಳು ಆಡಲೆಂದು 1976ರ ಹೊತ್ತಿಗೆ ಆತ ಒಂದು ಆಟ ಬರೆದ. ಅದರಲ್ಲಿ ಚಿತ್ರವೇ ಇರಲಿಲ್ಲ. ನೀವು ಎಲ್ಲಿದ್ದೀರಿ ಎಂಬುದನ್ನು ಕಂಪ್ಯೂಟರ್ ವಾಕ್ಯಗಳಲ್ಲಿ ಹೇಳುತ್ತಿತ್ತು. ನೀವು ಒಂದೆರಡು ಪದ ಟೈಪ್ ಮಾಡಿ ಮುಂದೆ ಹೋಗಬೇಕಿತ್ತು. ಮರುವರ್ಷ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದ. ‘ಅಡ್ವೆಂಚರ್’ ಎಂಬ ಆ ಆಟದ ಹೆಸರೇ ಮುಂದೆ ಇಡೀ ಪ್ರಕಾರದ ಹೆಸರಾಯಿತು.

ಅದನ್ನು ಆಡಿ ಮರುಳಾದವರಲ್ಲಿ ರಾಬರ್ಟಾ ವಿಲಿಯಮ್ಸ್ ಒಬ್ಬರು. ಮಾತಿನ ಜೊತೆ ಚಿತ್ರವೂ ಇದ್ದರೆ ಹೇಗೆ ಎಂದು ಯೋಚಿಸಿದ ಅವರು, ಪತಿ ಕೆನ್ ಜೊತೆಗೂಡಿ 1980ರಲ್ಲಿ ಆಪಲ್–2 ಯಂತ್ರಕ್ಕೆ ‘ಮಿಸ್ಟರಿ ಹೌಸ್’ ತಂದರು. ಸಣ್ಣ ಮಕ್ಕಳು ಗೀಚಿದಂಥ ರೇಖೆಗಳ ಮನೆ, ಒಳಗೆ ಒಂದೊಂದಾಗಿ ಬೀಳುವ ಹೆಣಗಳು. ಆಡುವವರು ಇನ್ನೂ ಟೈಪ್ ಮಾಡಲೇಬೇಕಿತ್ತು. ಯಂತ್ರಕ್ಕೆ ಗೊತ್ತಿರುವ ಪದ ಯಾವುದೆಂದು ಊಹಿಸುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತಿತ್ತು. 1985ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ‘ದೇಜಾ ವೂ’ ಆ ಕಾಟ ತಪ್ಪಿಸಿತು. ಮೌಸ್ ಬಂದಿತ್ತು. ಕಂಡದ್ದನ್ನು ಒತ್ತಿದರಾಯಿತು.

ಎರಡನೇ ಪುಟ ಬರೆಯದ ತಮ್ಮ

ಮಿಸ್ಟ್ ಮಾಡಿದವರು ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣ–ತಮ್ಮ. ತಂದೆ ಕ್ರೈಸ್ತ ಧರ್ಮಬೋಧಕ. ಹೈಟಿಯೂ ಸೇರಿದಂತೆ ಹಲವು ಊರು ಸುತ್ತಿದ ಸಂಸಾರ. ಅಣ್ಣ ಟೆಕ್ಸಸ್ಸಿನ ಬ್ಯಾಂಕೊಂದರಲ್ಲಿ ಪ್ರೋಗ್ರಾಮರ್. ತಮ್ಮನಿಗೆ ಚಿತ್ರ ಬರೆಯುವ ಹುಚ್ಚು.

1987ರಲ್ಲಿ ಆಪಲ್ ಕಂಪನಿ ‘ಹೈಪರ್‌ಕಾರ್ಡ್’ ಎಂಬ ತಂತ್ರಾಂಶವನ್ನು ಹೊರತಂದಿತು. ಬಿಲ್ ಆಟ್‌ಕಿನ್ಸನ್ ರೂಪಿಸಿದ್ದು. ಹಳೆಯ ಗ್ರಂಥಾಲಯಗಳ ಕ್ಯಾಟಲಾಗ್ ಡಬ್ಬದ ಕಾರ್ಡುಗಳಂತೆ ಇದರಲ್ಲೂ ಕಾರ್ಡುಗಳ ಕಟ್ಟು. ಒಂದು ಕಾರ್ಡಿನ ಯಾವುದೋ ಜಾಗ ಒತ್ತಿದರೆ ಇನ್ನೊಂದು ಕಾರ್ಡು ತೆರೆದುಕೊಳ್ಳುವಂತೆ ಹೊಂದಿಸಬಹುದಿತ್ತು. ಇದರಲ್ಲಿ ಮಕ್ಕಳ ಪುಸ್ತಕ ಮಾಡೋಣವೆಂದು ಅಣ್ಣ ತಮ್ಮನಿಗೆ ಹೇಳಿದ. ರಾಬಿನ್ ಮೊದಲ ಪುಟಕ್ಕೆ ಬೀದಿಯ ಮ್ಯಾನ್‌ಹೋಲಿನ ಮುಚ್ಚಳ ಬರೆದ. ಮುಚ್ಚಳ ಸರಿದು ಒಳಗಿನಿಂದ ಒಂದು ಬಳ್ಳಿ ಆಕಾಶಕ್ಕೆ ಎದ್ದಿತು. ಈಗ ಎರಡನೇ ಪುಟ ಬರೆಯಬೇಕು. ಬರೆಯುವ ಬದಲು ಆತನಿಗೆ ಬಳ್ಳಿ ಹತ್ತಿದರೆ ಏನಿದೆ, ಗುಂಡಿಗೆ ಇಳಿದರೆ ಏನಿದೆ ಎಂದು ನೋಡುವ ಆಸೆಯಾಯಿತು. ಎರಡೂ ಕಡೆಗೆ ಚಿತ್ರ ಬರೆಯುತ್ತ ಹೋದ. ಪುಸ್ತಕ ಹೋಗಿ ಊರಾಯಿತು. 1988ರಲ್ಲಿ ಬಂದ ‘ದಿ ಮ್ಯಾನ್‌ಹೋಲ್’ನಲ್ಲಿ ಗೆಲುವಿಲ್ಲ, ಸೋಲಿಲ್ಲ, ಕೊನೆಯೆಂಬುದೂ ಇಲ್ಲ, ಅಲೆದಾಡುವುದಷ್ಟೆ. ಮುಂದಿನ ವರ್ಷ ಅದು ಸಿಡಿಯಲ್ಲೂ ಬಂತು. ಸಿಡಿ–ರಾಮ್‌ನಲ್ಲಿ ಹೊರಬಂದ ತೀರಾ ಮೊದಲ ಆಟಗಳಲ್ಲಿ ಅದೂ ಒಂದು.

ಸೋದರರ ‘ಸಯಾನ್’ ಕಂಪನಿ ಮಕ್ಕಳಿಗಾಗಿ ಇನ್ನೆರಡು ಆಟ ಮಾಡಿದ ಮೇಲೆ, ಜಪಾನಿನ ಸನ್‌ಸಾಫ್ಟ್ ಕಂಪನಿ ದೊಡ್ಡವರು ಆಡುವಂಥದ್ದೊಂದು ಮಾಡಿಕೊಡಿ ಎಂದು ಹಣ ಕೊಟ್ಟಿತು. ಜೂಲ್ಸ್ ವರ್ನ್‌ನ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ ಕಾದಂಬರಿಯಿಂದ ಹೆಸರಿನ ತುಂಡು ಸಿಕ್ಕಿತು. ಕಂಪ್ಯೂಟರ್ ಮುಟ್ಟುವ ಮೊದಲೇ ಅವರು ಆಟವನ್ನು ಬಾಯಿಮಾತಿನಲ್ಲಿ ಆಡಿಸಿ ನೋಡಿದರು. ರ‍್ಯಾಂಡ್ ಕಾಗದ ಹಿಡಿದು ‘ಎದುರಿಗೆ ಇಂಥದ್ದಿದೆ’ ಎಂದು ವಿವರಿಸುವುದು, ಎದುರು ಕೂತವರು ಏನು ಮಾಡುತ್ತೇವೆಂದು ಹೇಳುವುದು.

ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ

ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದ ಬಳಿ, ಬೆರಳೆಣಿಕೆಯ ಜನ ಕೆಲಸಕ್ಕೆ ಕೂತರು. ಮನೆ, ಮರ, ಮೆಟ್ಟಿಲುಗಳನ್ನು ಕಂಪ್ಯೂಟರಿನೊಳಗೆ ಮೂರು ಆಯಾಮಗಳಲ್ಲಿ ಕಟ್ಟುವುದು, ನೆರಳು–ಬೆಳಕಿನ ಸಮೇತ ಅದರ ಚಿತ್ರ ತೆಗೆಯುವುದು. ಅಂದಿನ ಯಂತ್ರಗಳು ಒಂದು ಚಿತ್ರಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿದ್ದವು. ಆಡುವವನು ಹೆಜ್ಜೆ ಹಾಕಿದಂತೆಲ್ಲ ಸೆಕೆಂಡಿಗೆ ಹಲವಾರು ಚಿತ್ರ ಸೃಷ್ಟಿಸುವ ಮಾತೇ ಇರಲಿಲ್ಲ. ಹೀಗಾಗಿ ನಡಿಗೆಯನ್ನೇ ಕೈಬಿಟ್ಟು, ನಿಲ್ಲಬಹುದಾದ ಜಾಗಗಳನ್ನು ಗುರುತಿಸಿ, ಅಲ್ಲಿಂದ ಕಾಣುವುದನ್ನಷ್ಟೇ ತೆಗೆದರು. ಕೊನೆಗೆ ಸುಮಾರು 2,500 ಚಿತ್ರಗಳಾದವು.

ಅವನ್ನು ಹೊತ್ತು ಸಾಗಿಸುವುದು ಇನ್ನೊಂದು ಪಾಡು. ಮೊದಲ ತಲೆಮಾರಿನ ಸಿಡಿ ಡ್ರೈವ್ ಸೆಕೆಂಡಿಗೆ ಓದುತ್ತಿದ್ದದ್ದು 150 ಕಿಲೋಬೈಟ್. ಸಿಡಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಅದರ ಕಣ್ಣು ಸರಿಯುವಷ್ಟರಲ್ಲಿ ಆಡುವವನ ತಾಳ್ಮೆ ಮುಗಿದಿರುತ್ತದೆ. ಅದಕ್ಕಾಗಿ ಬಣ್ಣಗಳನ್ನು 256ಕ್ಕೆ ಇಳಿಸಿ ಚಿತ್ರಗಳ ಗಾತ್ರ ಕುಗ್ಗಿಸಿದರು. ಆಟದಲ್ಲಿ ಅಕ್ಕಪಕ್ಕ ಇರುವ ಜಾಗಗಳ ಚಿತ್ರಗಳನ್ನು ಸಿಡಿಯ ಮೇಲೂ ಅಕ್ಕಪಕ್ಕವೇ ಇಟ್ಟರು. ಆಟ ಕಟ್ಟುತ್ತಿದ್ದ ಹೈಪರ್‌ಕಾರ್ಡಿಗೆ ಬಣ್ಣವೇ ಬರುತ್ತಿರಲಿಲ್ಲ. ಅದನ್ನೂ ಹೊರಗಿನಿಂದ ಜೋಡಿಸಿಕೊಂಡರು. ನಟರನ್ನು ಕರೆಸದೆ ತಾವೇ ಬಣ್ಣ ಹಚ್ಚಿಕೊಂಡರು: ಅಟ್ರಸ್ ಮತ್ತು ಅವನ ಒಬ್ಬ ಮಗನಾಗಿ ರ‍್ಯಾಂಡ್, ಇನ್ನೊಬ್ಬ ಮಗನಾಗಿ ರಾಬಿನ್. ಗ್ರಂಥಾಲಯದ ಕೆಂಪು ಪುಸ್ತಕದಲ್ಲೊಬ್ಬ, ನೀಲಿ ಪುಸ್ತಕದಲ್ಲೊಬ್ಬ ಸೆರೆಸಿಕ್ಕ ಮಕ್ಕಳು. ಹರಿದ ಪುಟ ತಂದು ಸೇರಿಸಿದಷ್ಟೂ ಅವರ ಮುಖ, ಮಾತು ತಿಳಿಯಾಗುತ್ತ ಹೋಗುತ್ತದೆ. ಇನ್ನೊಬ್ಬನೇ ದುಷ್ಟ ಎಂದು ಇಬ್ಬರೂ ದೂರುತ್ತಾರೆ.

ಚಿತ್ರ ಅಲುಗದ ಮೇಲೆ ಜಾಗಕ್ಕೆ ಜೀವ ತುಂಬುವ ಹೊಣೆ ಸದ್ದಿನ ಮೇಲೆ ಬಿತ್ತು. ಅದನ್ನು ಹೊತ್ತವರು ಕ್ರಿಸ್ ಬ್ರ್ಯಾಂಡ್‌ಕ್ಯಾಂಪ್. ಬಾಯ್ಲರಿನ ಬೆಂಕಿಗೆ ನಿಜವಾದ ಬೆಂಕಿಯ ಸದ್ದು ಹಿಡಿದರೆ ಹೊಂದಲೇ ಇಲ್ಲ. ಜಲ್ಲಿಕಲ್ಲಿನ ಮೇಲೆ ವಾಹನ ಓಡಿಸಿದ ಸದ್ದು ಸರಿಹೋಯಿತು. ಗೋಪುರದ ಗಡಿಯಾರದ ಗಂಭೀರ ಗಂಟೆನಾದ ಒಂದು ಸ್ಪ್ಯಾನರ್‌ನಿಂದ ಹೊರಟದ್ದು. ಸ್ಥಾಯಿ ತಗ್ಗಿಸಿ ಘಂಟೆ ಮಾಡಿದ್ದಾರೆ. ಸಂಗೀತ ಗಮನ ಕೆಡಿಸೀತೆಂದು ಮೊದಲು ಬೇಡವೆಂದಿದ್ದರು. ಒಮ್ಮೆ ಹಾಕಿ ನೋಡಿದ ಮೇಲೆ ಮನಸ್ಸು ಬದಲಿಸಿ, ರಾಬಿನ್ ತಾನೇ ರಚಿಸಿಕೊಟ್ಟ.

ನಕ್ಷತ್ರ, ಕಂಬ, ಹಡಗು

ಇದರ ಒಗಟುಗಳ ಬಗೆ ತಿಳಿಯಬೇಕಾದರೆ ಆ ಮುಳುಗಿದ ಹಡಗನ್ನೇ ನೋಡಬೇಕು. ಗ್ರಂಥಾಲಯದ ಗೋಡೆಯ ನಕ್ಷೆಯಲ್ಲಿ ಗೋಪುರದ ಗುರುತನ್ನು ಒತ್ತಿ ಹಿಡಿದರೆ ಗೋಪುರ ತಿರುಗುತ್ತದೆ. ಅದನ್ನು ಹಡಗಿನ ದಿಕ್ಕಿಗೆ ನಿಲ್ಲಿಸಿ ಹತ್ತಿದರೆ ಮೇಲೆ ಮೂರು ದಿನಾಂಕ, ಮೂರು ಸಮಯ ಕೆತ್ತಿರುತ್ತವೆ. ಅವುಗಳಲ್ಲೊಂದು 9791ನೇ ಇಸವಿಯದು. ತಾರಾಲಯದ ಕುರ್ಚಿಯಲ್ಲಿ ಕೂತು ಒಂದೊಂದು ದಿನಾಂಕ ಹೊಂದಿಸಿದಾಗಲೂ ಮೇಲೊಂದು ನಕ್ಷತ್ರಪುಂಜ ಮೂಡುತ್ತದೆ. ಅವುಗಳ ಹೆಸರು ಸಿಗುವುದು ಗ್ರಂಥಾಲಯದಲ್ಲಿ ಸುಡದೆ ಉಳಿದ ಕೆಲವೇ ಪುಸ್ತಕಗಳಲ್ಲೊಂದರಲ್ಲಿ. ಆ ಹೆಸರುಗಳ ಚಿಹ್ನೆಗಳಿರುವುದು ಬಯಲಿನ ಕೊಳದ ಸುತ್ತಲ ಕಂಬಗಳ ಮೇಲೆ. ಎಲೆ, ಹಾವು, ಹುಳು ಎಂಬ ಮೂರನ್ನು ಒತ್ತಿದರೆ ಕೊಳದೊಳಗಿನ ಪುಟ್ಟ ಹಡಗು ಮೇಲೇಳುತ್ತದೆ. ಧಕ್ಕೆಗೆ ಓಡಿ ನೋಡಿದರೆ ದೊಡ್ಡ ಹಡಗೂ ಎದ್ದು ನಿಂತಿರುತ್ತದೆ.

ಇದರಲ್ಲಿ ಕೈಚಳಕ ಎಲ್ಲೂ ಬೇಕಿಲ್ಲ. ಬೇಕಾದದ್ದು ಒಂದು ಕಡೆ ಕಂಡದ್ದನ್ನು ಇನ್ನೊಂದು ಕಡೆ ನೆನಪಿಡುವುದು. ಆಟದ ಪೆಟ್ಟಿಗೆಯೊಳಗೆ ಸಿಡಿಯ ಜೊತೆ ಖಾಲಿ ಪುಟಗಳ ಒಂದು ಪುಸ್ತಕವನ್ನೂ ಇಟ್ಟು ಮಾರಿದ್ದು ಅದಕ್ಕೇ. ಅಂಗಳದ ಕಲ್ಲು, ಗೋಡೆಯ ಪಟ, ದೂರದ ಸದ್ದು ಯಾವುದೂ ಬರಿಯ ಅಲಂಕಾರವಾಗಿರಲಾರದು ಎಂಬ ಅನುಮಾನದಿಂದ ಆಡುವವರು ಪ್ರತಿ ಚಿತ್ರವನ್ನೂ ಓದತೊಡಗಿದರು. ಚಿತ್ರ ಓಡುತ್ತಿದ್ದರೆ ಅಷ್ಟು ಓದಲು ಪುರುಸೊತ್ತೆಲ್ಲಿ?

ಮಿಸ್ಟ್‌ನ ಮುಂದಿನ ಭಾಗವಾದ 1997ರ ‘ರಿವೆನ್’ ಈ ಬಗೆಯನ್ನು ಇನ್ನೂ ಆಳಕ್ಕೆ ಒಯ್ದಿತು. ಡಿಸ್ನಿಯ ‘ಅಲಾದೀನ್’ ಚಿತ್ರಕ್ಕೆ ಕೆಲಸ ಮಾಡಿದ್ದ ರಿಚರ್ಡ್ ವ್ಯಾಂಡರ್ ವೆಂಡೆ ವಿನ್ಯಾಸಕ್ಕೆ ಸೇರಿಕೊಂಡರು. ಆಟ ಐದು ಸಿಡಿಗಳಾಯಿತು. ಅದರ ದ್ವೀಪವೊಂದರ ಹಳ್ಳಿಶಾಲೆಯಲ್ಲಿ ಒಂದು ಆಟಿಕೆಯಿದೆ. ತೂಗುಬಿದ್ದ ಎರಡು ಬೊಂಬೆ, ಕೆಳಗೆ ಬಾಯ್ತೆರೆದ ಕಡಲಪ್ರಾಣಿ. ತಿರುಗಿಸಿದರೆ ಅಪರಿಚಿತ ಅಂಕಿಯೊಂದು ಕಾಣಿಸಿ, ಬೊಂಬೆ ಅಷ್ಟು ಮೆಟ್ಟಿಲು ಕೆಳಗಿಳಿಯುತ್ತದೆ. ಒಂದಿಷ್ಟು ಸಲ ತಿರುಗಿಸಿದರೆ ಆ ನಾಡಿನ ಅಂಕಿಗಳೆಲ್ಲ ಬಂದುಬಿಡುತ್ತವೆ. ಅಲ್ಲಿನ ಮಕ್ಕಳು ಕಲಿಯುವ ಹಾಗೆಯೇ ನೀವೂ ಕಲಿತಿರುತ್ತೀರಿ. ಜೊತೆಗೆ ಆ ಊರಿನ ಆಳರಸನ ಕ್ರೌರ್ಯ ಎಂಥದ್ದೆಂಬುದೂ ಆ ಆಟಿಕೆಯಿಂದಲೇ ತಿಳಿದಿರುತ್ತದೆ.

ಬಿದ್ದದ್ದು, ಬೇರೆಡೆ ಎದ್ದದ್ದು

‘ಇದು ಆಟವಲ್ಲ, ಸ್ಲೈಡ್ ಶೋ’ ಎಂದು ಮೂಗು ಮುರಿದವರು ಆಗಲೂ ಇದ್ದರು. ಗೆದ್ದೆತ್ತಿನ ಬಾಲ ಹಿಡಿದು ಬಂದ ಅನುಕರಣೆಗಳು ಅವರ ಮಾತನ್ನೇ ನಿಜ ಮಾಡಿದವು. ಸುಂದರ ಚಿತ್ರ, ಬೀಗ ಹಾಕಿದ ಬಾಗಿಲು ಎರಡೂ ಇದ್ದವು; ಬಾಗಿಲಿಗೂ ಆ ಜಾಗಕ್ಕೂ ಸಂಬಂಧವಿರಲಿಲ್ಲ. ಅಷ್ಟರಲ್ಲಿ ಮೂರು ಆಯಾಮದ ದೃಶ್ಯಗಳನ್ನು ಆ ಕ್ಷಣದಲ್ಲೇ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳು ಮನೆಮನೆಗೆ ಬಂದವು. ಓಡಾಡಲು ಬಂದ ಮೇಲೆ ನಿಲ್ಲುವವರ್ಯಾರು? 1990ರ ದಶಕ ಮುಗಿಯುವ ಹೊತ್ತಿಗೆ ಈ ಬಗೆಯ ಆಟಗಳ ಕಾಲ ಮುಗಿಯಿತೆಂದು ಉದ್ಯಮ ತೀರ್ಮಾನಿಸಿತ್ತು.

ಮರುಹುಟ್ಟು ಬಂದದ್ದು ಮತ್ತೊಂದು ಬಡ ಯಂತ್ರದಿಂದ. ಬ್ರೌಸರಿನೊಳಗೆ ಓಡುವ ಫ್ಲ್ಯಾಶ್ ತಂತ್ರಾಂಶಕ್ಕೆ ದೊಡ್ಡ ಜಗತ್ತು ಕಟ್ಟುವ ತ್ರಾಣವಿರಲಿಲ್ಲ. ಒಂದು ಕೋಣೆಯಾದರೆ ಸಾಕಾಗಿತ್ತು. 2004ರಲ್ಲಿ ಜಪಾನಿನ ತೊಶಿಮಿತ್ಸು ತಕಾಗಿ ‘ಕ್ರಿಮ್ಸನ್ ರೂಮ್’ ಮಾಡಿದ. ಕೆಂಪು ಗೋಡೆಯ ಕೋಣೆಯೊಂದರಲ್ಲಿ ಸಿಕ್ಕಿಬಿದ್ದಿದ್ದೀರಿ, ಸಿಕ್ಕಿದ್ದನ್ನೆಲ್ಲ ತಡಕಾಡಿ ಹೊರಬರಬೇಕು. ಕಚೇರಿಯ ಊಟದ ಬಿಡುವಿಗೆ ಹೇಳಿ ಮಾಡಿಸಿದಂತಿದ್ದ ಆಟ. ಇಂಥವು ನೂರಾರು ಬಂದವು. 2007ರಲ್ಲಿ ಕ್ಯೋಟೋದಲ್ಲಿ ತಕಾವೊ ಕಾತೊ ಇದನ್ನು ಪರದೆಯಿಂದ ಹೊರಗೆಳೆದು, ನಿಜವಾದ ಜನರನ್ನು ನಿಜವಾದ ಕೋಣೆಯೊಳಗೆ ಕೂಡಿ ಒಗಟು ಬಿಡಿಸಲು ಹಚ್ಚಿದರು. ಇಂದು ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಗೆಳೆಯರ ಗುಂಪುಗಳು ದುಡ್ಡು ಕೊಟ್ಟು ಕೂಡಿಹಾಕಿಸಿಕೊಳ್ಳುವ ಎಸ್ಕೇಪ್ ರೂಮುಗಳ ವಂಶ ಇದೇ.

ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಫೈರ್‌ಪ್ರೂಫ್ ಕಂಪನಿ 2012ರಲ್ಲಿ ಐಪ್ಯಾಡಿಗೆ ತಂದ ‘ದಿ ರೂಮ್’ನಲ್ಲಿ ಕೋಣೆಯೂ ಕುಗ್ಗಿ, ಮೇಜಿನ ಮೇಲಿನ ಒಂದು ಪೆಟ್ಟಿಗೆಯಾಯಿತು. ಬೀಗದ ಕೈ ತಿರುಗಿಸುವುದು, ಫಲಕ ಸರಿಸುವುದು ಎಲ್ಲವೂ ಬೆರಳಿನಲ್ಲೇ. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೊದಲ ಬಾರಿಗೆ ಆಯ್ದುಕೊಂಡ 14 ವಿಡಿಯೊ ಆಟಗಳಲ್ಲಿ ಮಿಸ್ಟ್ ಕೂಡ ಸೇರಿತು.

ಸಯಾನ್ ಇನ್ನೂ ಸ್ಪೋಕೇನ್ ಬಳಿಯೇ ಇದೆ. ಮಿಸ್ಟ್ ಅನ್ನು ಹೊಸದಾಗಿ ಕಟ್ಟಿ 2020ರಲ್ಲಿ ವಿಆರ್ ಕನ್ನಡಕಕ್ಕೂ ಮರುವರ್ಷ ಕಂಪ್ಯೂಟರಿಗೂ ತಂದಿತು. 2024ರಲ್ಲಿ ರಿವೆನ್ ಸರದಿ. ಈಗ ದ್ವೀಪದಲ್ಲಿ ಎಲ್ಲಿ ಬೇಕಾದರೂ ನಡೆಯಬಹುದು, ತಲೆಯೆತ್ತಿ ಸುತ್ತ ನೋಡಬಹುದು. ಉತ್ತರಗಳೆಲ್ಲ ಅಂತರ್ಜಾಲದಲ್ಲಿ ಬಿದ್ದಿರುವುದು ಗೊತ್ತಿದ್ದೇ, ಬೇಕೆಂದವರಿಗೆ ಪ್ರತಿ ಸಲವೂ ಉತ್ತರ ಬದಲಾಗುವ ಏರ್ಪಾಡನ್ನು ಹೊಸ ಮಿಸ್ಟ್‌ನಲ್ಲಿ ಮಾಡಿದ್ದಾರೆ. ಅದರ ಆಯ್ಕೆಗಳಲ್ಲಿ ಇನ್ನೂ ಒಂದಿದೆ: ಓಡಾಟ ಬಿಟ್ಟು ಹಳೆಯ ಹಾಗೆ ಒತ್ತಿ ಒತ್ತಿ, ನಿಂತು ನಿಂತು ಹೋಗುವುದು. ಯಂತ್ರಕ್ಕೆ ಆಗದಿದ್ದಾಗ ಗತಿಯಿಲ್ಲದೆ ಮಾಡಿದ್ದನ್ನು, ಯಂತ್ರಕ್ಕೆ ಎಲ್ಲವೂ ಸಾಧ್ಯವಾದ ಮೇಲೆ ಜನ ಬಯಸಿ ಆರಿಸಿಕೊಳ್ಳುತ್ತಿದ್ದಾರೆ.