ತಾನಾಗಿ ಮರುಹುಟ್ಟುವ ಗಣಕಯಂತ್ರ

ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು, ಮನೆಯಲ್ಲಿಯೇ ಗಣಕಯಂತ್ರವೊಂದನ್ನು ಜೋಡಿಸಿದ ವಿದ್ಯಾರ್ಥಿಯ ಹಿಗ್ಗನ್ನು ಬಲ್ಲವರೇ ಬಲ್ಲರು. ಆದರೆ ಎರಡು ಗಂಟೆಗಳ ಕಾಲ ಬರೆದ ಪ್ರಬಂಧವು ಇನ್ನೇನು ಮುಗಿಯಿತೆನ್ನುವಾಗ ತೆರೆ ಕಪ್ಪಾಗಿ, ಏನೂ ನಡೆದಿಲ್ಲವೆಂಬಂತೆ ಯಂತ್ರವು ಮೊದಲಿನಿಂದ ಏಳತೊಡಗಿದರೆ ಆ ಹಿಗ್ಗು ಉಳಿದೀತೆ? ಒಂದು ದಿನ ಮೂರು ಸಲ, ಮರುದಿನ ಒಮ್ಮೆಯೂ ಇಲ್ಲ. ಇದಕ್ಕೆ ಗೊತ್ತುಗುರಿಯೇ ಇಲ್ಲವೆಂದು ಬೇಸತ್ತು, ತೋಚಿದ ಭಾಗವನ್ನೆಲ್ಲ ಹೊಸದಾಗಿ ಕೊಂಡು ಹಣ ಕಳೆದುಕೊಳ್ಳುವವರುಂಟು. ಕಾರಣವಿಲ್ಲದೆ ಕಾರ್ಯವಿಲ್ಲ, ಅದನ್ನು ಹುಡುಕುವುದಕ್ಕೆ ಒಂದು ಕ್ರಮವೂ ಉಂಟು.

ಮೊದಲು ಯಂತ್ರದ ಒಳಗೆ ನಡೆಯುವುದನ್ನು ನೋಡೋಣ. ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆಯನ್ನು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. 12 ವೋಲ್ಟಿನ ತಂತಿಯಲ್ಲಿ ಸಾಮಾನ್ಯವಾಗಿ ಸೇಕಡಾ 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶ. ಅಂದರೆ ಅದು 11.4ಕ್ಕಿಂತ ಇಳಿಯಬಾರದು, 12.6ನ್ನು ಮೀರಬಾರದು. ಈ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ ಹೋಗುವ ತಂತಿಗಳಲ್ಲಿ ಒಂದು, ‘ವಿದ್ಯುತ್ತು ಸರಿಯಾಗಿದೆ’ ಎಂಬ ಸಂಜ್ಞೆಯನ್ನು ಎಡೆಬಿಡದೆ ಒಯ್ಯುತ್ತಿರುತ್ತದೆ. ವೋಲ್ಟೇಜು ತೀರ ಕುಸಿದರೆ ಸಂಜ್ಞೆ ನಿಲ್ಲುತ್ತದೆ. ಕೂಡಲೆ ಮದರ್‌ಬೋರ್ಡು ಪ್ರೊಸೆಸರನ್ನು ತಡೆಯುತ್ತದೆ. ಸಂಜ್ಞೆ ಮರಳಿದೊಡನೆ ಕೆಲಸವು ಮೊದಲಿನಿಂದ ಆರಂಭವಾಗುತ್ತದೆ. ಅರೆಕೊರೆ ವಿದ್ಯುತ್ತಿನಲ್ಲಿ ತಪ್ಪು ಲೆಕ್ಕ ಮಾಡುವುದಕ್ಕಿಂತ ಲೆಕ್ಕವನ್ನೇ ಕೈಬಿಡುವುದು ಲೇಸೆಂಬುದು ಇಲ್ಲಿಯ ನೀತಿ.

ನಮ್ಮ ಮನೆಯ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಹಿಡಿಯುತ್ತದೆ. ಸರಬರಾಜು ಕಡಿದಾಗ, ಪೂರ್ಣ ಹೊರೆಯಲ್ಲಿರುವ ಪೆಟ್ಟಿಗೆಯು ತಾಳಿಕೊಳ್ಳುವುದು ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದುದರಿಂದ ದೀಪವು ಒಮ್ಮೆ ಮಿಣುಕಿದರೂ ಯಂತ್ರವು ಮರುಹುಟ್ಟಬಹುದು. ಸಡಿಲವಾದ ಪ್ಲಗ್ಗೂ ಇದೇ ಕೆಲಸ ಮಾಡೀತು.

ವಿದ್ಯುತ್ತಲ್ಲದೆ ಬೇರೆ ಕಾರಣಗಳೂ ಇವೆ. ಮೆಮೊರಿಯಲ್ಲಿ ಒಂದೇ ಒಂದು ಬಿಟ್ಟು ಸೊನ್ನೆಯಿದ್ದದ್ದು ಒಂದಾದರೆ, ವಿಂಡೋಸ್ ಮುಂತಾದ ಕಾರ್ಯವ್ಯವಸ್ಥೆಯು ದಾರಿ ತಪ್ಪಿ, ಮುಂದುವರಿಯಲಾರೆನೆಂದು ತಾನೇ ಮರುಚಾಲನೆ ಮಾಡಬಹುದು. ಪ್ರೊಸೆಸರಿನ ಮೇಲಣ ಫ್ಯಾನಿನಲ್ಲಿ ಧೂಳು ತುಂಬಿ ಶಾಖವೇರಬಹುದು. ಪೆಟ್ಟಿಗೆಯ ಮುಂಭಾಗದ ರೀಸೆಟ್ ಗುಂಡಿಯೇ ಒಳಗೆ ಅಂಟಿಕೊಂಡಿರಬಹುದು.

ಇವುಗಳಲ್ಲಿ ಅಪರಾಧಿ ಯಾವುದು? ವಿಂಡೋಸಿನಲ್ಲಿ ದೋಷವೊದಗಿದಾಗ ತಾನಾಗಿ ಮರುಚಾಲನೆಗೊಳ್ಳುವ ಏರ್ಪಾಡನ್ನು ಮೊದಲು ತೆಗೆದುಹಾಕಬೇಕು. ಆಮೇಲೆ ತೆರೆಯ ಮೇಲೆ ದೋಷದ ಸಂದೇಶವು ನಿಂತರೆ ಸಂಶಯವು ಮೆಮೊರಿ ಅಥವಾ ಡ್ರೈವರುಗಳತ್ತ ತಿರುಗಬೇಕು. ಸಂದೇಶವೇ ಇಲ್ಲದೆ ಯಂತ್ರವು ಮರುಹುಟ್ಟಿದರೆ ವಿದ್ಯುತ್ತು, ಶಾಖ, ಗುಂಡಿಗಳತ್ತ. ವಿಂಡೋಸಿನ ದಾಖಲೆಯಲ್ಲಿ ಕಾಣುವ ‘ಕರ್ನೆಲ್-ಪವರ್ 41’ ಎಂಬ ಸಾಲನ್ನು ಓದಿ ಎಸ್.ಎಂ.ಪಿ.ಎಸ್. ಕೆಟ್ಟಿದೆಯೆಂದು ನಿರ್ಣಯಿಸಬಾರದು. ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ಮತ್ತೆ ಎದ್ದಿತೆಂದಷ್ಟೇ ಅದರ ಅರ್ಥ.

ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್ಗನ್ನು ಕಿತ್ತ ಬಳಿಕವೇ ಕೈಯಿಡಬೇಕು, ಎಸ್.ಎಂ.ಪಿ.ಎಸ್. ಅನ್ನಂತೂ ಬಿಚ್ಚಲೇಬಾರದು, ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ರೀಸೆಟ್ ಗುಂಡಿಯ ತಂತಿಯನ್ನು ತೆಗೆದು ನೋಡುವುದು, ಎರಡು ಮೆಮೊರಿ ಪಟ್ಟಿಗಳಿದ್ದರೆ ಒಂದರಿಂದಲೇ ನಡೆಸುವುದು, ಇವು ಕಾಸಿನ ಖರ್ಚಿಲ್ಲದ ಪ್ರಯೋಗಗಳು.

ಆದರೆ ದೋಷ ತೀರಿತೆಂದು ತಿಳಿಯುವುದು ಹೇಗೆ? ಸರಾಸರಿ ದಿನಕ್ಕೊಮ್ಮೆ, ಹೊತ್ತುಗೊತ್ತಿಲ್ಲದೆ ಬರುವ ದೋಷವು ಏನನ್ನೂ ಮಾಡದಿದ್ದರೂ ಒಂದಿಡೀ ದಿನ ಬಾರದಿರುವ ಸಂಭವ ಸೇಕಡಾ 37. ಮೂರು ದಿನ ಬಾರದಿರುವ ಸಂಭವವಾದರೋ 0.37ನ್ನು ಮೂರು ಸಲ ಗುಣಿಸಿದಷ್ಟು, ಸುಮಾರು ಸೇಕಡಾ 5. ಆದುದರಿಂದ ಪ್ರತಿಯೊಂದು ಬದಲಾವಣೆಯ ತರುವಾಯ, ದೋಷದ ಸರಾಸರಿ ಅಂತರದ ಮೂರು ಪಟ್ಟಾದರೂ ಕಾಯಬೇಕು. ಒಂದು ದಿನದ ನೆಮ್ಮದಿಯನ್ನು ನಂಬಿ ಹಿಗ್ಗಿದವನು ನಾಲ್ಕನೆಯ ದಿನ ಮತ್ತೆ ಪ್ರಬಂಧವನ್ನು ಕಳೆದುಕೊಂಡಾನು.

ಒಂದು ನೋಟುಪುಸ್ತಕದಲ್ಲಿ ದಿನ, ವೇಳೆ, ಆಗ ನಡೆದಿದ್ದ ಕೆಲಸ, ಮಾಡಿದ ಬದಲಾವಣೆ, ಇಷ್ಟನ್ನು ಗುರುತಿಸಿಕೊಳ್ಳುತ್ತ ಬಂದರೆ ಗೊತ್ತುಗುರಿಯಿಲ್ಲವೆಂದು ತೋರಿದ ದೋಷವು ಮೆಲ್ಲಗೆ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಅಷ್ಟರವರೆಗೆ, ಬರೆದದ್ದನ್ನು ಹತ್ತು ನಿಮಿಷಕ್ಕೊಮ್ಮೆ ಉಳಿಸುವುದನ್ನು ಮಾತ್ರ ಮರೆಯಬಾರದು.