ಬೀದಿಯ ಆಚೆ ವಿಶ್ವವಿದ್ಯಾನಿಲಯ, ಈಚೆ ಹೆಣ್ಣುಮಕ್ಕಳ ಕಾಲೇಜು

ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯನ್ನು ಬರ್ನಾರ್ಡ್ ಕಾಲೇಜಿನ ವಿದ್ಯಾರ್ಥಿನಿಯರು ದಿನಕ್ಕೆ ಎಷ್ಟು ಬಾರಿ ದಾಟುವರೋ ಲೆಕ್ಕವಿಟ್ಟವರಿಲ್ಲ. ಬೀದಿಯ ಪಶ್ಚಿಮಕ್ಕೆ ಅವರ ಕಾಲೇಜು. ಪೂರ್ವಕ್ಕೆ ಕೊಲಂಬಿಯಾ ವಿಶ್ವವಿದ್ಯಾನಿಲಯ. ಒಂದು ಪಾಠ ಇಲ್ಲಿ, ಮತ್ತೊಂದು ಅಲ್ಲಿ. ಕೊಲಂಬಿಯಾದ ಹುಡುಗರೂ ಈಚೆ ಬಂದು ಪಾಠ ಕೇಳುವುದುಂಟು.

ಈ ಸಲುಗೆ ಸುಲಭವಾಗಿ ದೊರೆತದ್ದಲ್ಲ. 1883ರಲ್ಲಿ ಕೊಲಂಬಿಯಾ ಸ್ತ್ರೀಯರಿಗೊಂದು ವಿಚಿತ್ರ ಅವಕಾಶವನ್ನಿತ್ತಿತು: ಮನೆಯಲ್ಲಿ ಓದಿಕೊಂಡು ಪರೀಕ್ಷೆಗೆ ಕೂರಬಹುದು, ತರಗತಿಗೆ ಮಾತ್ರ ಬರಕೂಡದು. 1885ರಲ್ಲಿ ಹಾಗೆ ಸೇರಿದ ಆನಿ ನೇಥನ್ ಎಂಬ ತರುಣಿ ಪ್ರಶ್ನೆಪತ್ರಿಕೆ ನೋಡಿ ಬೆರಗಾದಳು. ಪ್ರಶ್ನೆಗಳು ಪುಸ್ತಕದವಲ್ಲ, ತಾನು ಕೇಳಲಾಗದ ಉಪನ್ಯಾಸಗಳವು! ಮದುವೆಯ ಬಳಿಕ ಆನಿ ನೇಥನ್ ಮೇಯರ್ ಆದ ಆಕೆ ಊರ ಗಣ್ಯರ ಬೆಂಬಲ ಗಳಿಸಿ ಹೋರಾಡಿದರು. 1889ರಲ್ಲಿ ಬಾಡಿಗೆಯ ಮನೆಯೊಂದರಲ್ಲಿ ಕಾಲೇಜು ತೆರೆಯಿತು. ಪದವಿ ತರಗತಿಗೆ ಸೇರಿದವರು ಕೇವಲ 14 ಮಂದಿ. ಸ್ತ್ರೀಶಿಕ್ಷಣಕ್ಕಾಗಿ ವಾದಿಸಿ ಅದೇ ವರ್ಷ ತೀರಿಕೊಂಡ ಕೊಲಂಬಿಯಾ ಅಧ್ಯಕ್ಷ ಫ್ರೆಡರಿಕ್ ಬರ್ನಾರ್ಡರ ಹೆಸರು ಅದಕ್ಕಾಯಿತು.

ತೆರೆದ ಬಾಗಿಲೂ ಎಲ್ಲರಿಗೆ ಸಮನಾಗಿರಲಿಲ್ಲ. 1925ರಲ್ಲಿ ಸೇರಿದ ಲೇಖಕಿ ಜೋರಾ ನೀಲ್ ಹರ್ಸ್ಟನ್ ಆಗ ಅಲ್ಲಿದ್ದ ಒಬ್ಬಳೇ ಕರಿಯ ವಿದ್ಯಾರ್ಥಿನಿ. ಆಕೆಗೆ ನೆರವಾದವರು ಅದೇ ಮೇಯರ್. ಹೊರಗೆ ನಿಂತ ನೋವು ಅವರಿಗೆ ಮರೆತಿರಲಿಲ್ಲ.

ಓದಿನ ಜೊತೆಗೆ ವಿನೋದಕ್ಕೂ ಕೊರತೆಯಿಲ್ಲ. 1903ರಿಂದ 1968ರವರೆಗೆ ಮೊದಲ ಹಾಗೂ ಎರಡನೆಯ ವರ್ಷದವರ ನಡುವೆ ‘ಗ್ರೀಕ್ ಕ್ರೀಡೆ’ಗಳು ನಡೆದವು. ಕಾವ್ಯ, ನೃತ್ಯಗಳಲ್ಲದೆ ರಥದ ಓಟವೂ ಇತ್ತು; ರಥವೆಳೆವ ಕುದುರೆಗಳೂ ಹುಡುಗಿಯರೇ! ಈಗಿನ ಸಂಭ್ರಮವೆಂದರೆ ಪರೀಕ್ಷೆಗೆ ಮುನ್ನ ನಡೆಯುವ ನಡುರಾತ್ರಿಯ ಉಪಾಹಾರ. ಅಂದು ಕಾಲೇಜಿನ ಅಧಿಕಾರಿಗಳೇ ಸೌಟು ಹಿಡಿದು ಬಡಿಸುವರು.

1983ರಲ್ಲಿ ಕೊಲಂಬಿಯಾ ಕಾಲೇಜೇ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಇನ್ನು ಬೇರೆ ಮನೆಯೇಕೆ ಎಂಬ ಪ್ರಶ್ನೆ ಏಳದಿದ್ದೀತೆ? ಪೆಂಬ್ರೋಕ್ 1971ರಲ್ಲಿಯೇ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಕರಗಿತ್ತು. ರ‍್ಯಾಡ್‌ಕ್ಲಿಫ್ 1999ರಲ್ಲಿ ಹಾರ್ವರ್ಡಿನಲ್ಲಿ ಲೀನವಾಯಿತು. ಬರ್ನಾರ್ಡ್ ಮಾತ್ರ ತನ್ನ ಅಧ್ಯಾಪಕರು, ಆಡಳಿತ ಮಂಡಲಿ, ಹಣದ ಚೀಲಗಳನ್ನು ಬಿಟ್ಟುಕೊಡಲಿಲ್ಲ. ಪದವಿ ಕೊಲಂಬಿಯಾದ್ದು, ಆಟದ ತಂಡವೂ ಒಂದೇ, ಒಲೆ ಮಾತ್ರ ಬೇರೆ.

ನೆರೆಮನೆಯ ಬಾಗಿಲು ತೆರೆಯಿತೆಂದು ತಾವು ಕಟ್ಟಿದ ಮನೆಯನ್ನು ಕೆಡಹುವರೆ? ಬೀದಿ ದಾಟಿ ಹೋಗುವ ಹಕ್ಕಿನಷ್ಟೇ, ಮರಳಿ ಬರಲು ತಮ್ಮದೊಂದು ಹೊಸ್ತಿಲಿರುವುದೂ ದೊಡ್ಡದಲ್ಲವೆ?