ಆಪರೇಷನ್ ಆದಮೇಲೆ ತಾತ ಬಸ್ಸಲ್ಲಿ ಹೋಗಬಹುದಾ?

ಊರಿಂದ ಫೋನ್ ಬಂದಾಗ ಇಲ್ಲಿ ಹ್ಯಾಂಬರ್ಗ್‌ನಲ್ಲಿ ಬೆಳಗಿನ ಆರು ಗಂಟೆ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. ಆರಂಭದ ಹಂತ, ಹರಡಿಲ್ಲ. ನಾನು ಕೇಳಿದ್ದು ಎರಡೇ ಪ್ರಶ್ನೆ: ಆಪರೇಷನ್ ಯಾವಾಗ? ಖರ್ಚು ಎಷ್ಟು?

ಭಾನುವಾರ ಮಗಳು ಎಂದಿನಂತೆ ತಾತನ ಜೊತೆ ಕನ್ನಡದಲ್ಲಿ ಹರಟಿದಳು. ಆಮೇಲೆ ನನ್ನ ಹತ್ತಿರ ಬಂದು, "ಆಪರೇಷನ್ ಆದಮೇಲೆ ಬಸ್ಸಲ್ಲಿ ದೂರ ಹೋಗೋಕಾಗಲ್ವೇನೋ ಅಂತ ತಾತನಿಗೆ ಭಯವಂತೆ" ಅಂದಳು. ಮೂತ್ರ ಸೋರುವ ಭಯ ಅದು. ಮಗನ ಹತ್ತಿರ ಹೇಳಿಕೊಳ್ಳಲು ಅಪ್ಪನಿಗೆ ಸಂಕೋಚ.

ಮೌಲ್ಯಾಧಾರಿತ ಚಿಕಿತ್ಸೆ ಎಂಬ ದೊಡ್ಡ ಹೆಸರಿನ ಹಿಂದಿರುವುದು ಇದೇ ಮಾತು. ಮೈಕೆಲ್ ಪೋರ್ಟರ್ ಮತ್ತು ಎಲಿಜಬೆತ್ ಟೈಸ್‌ಬರ್ಗ್ 2006ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇಷ್ಟೇ: ಎಷ್ಟು ಆಪರೇಷನ್ ಮಾಡಿದಿರಿ ಎಂದು ಎಣಿಸಬೇಡಿ. ಖರ್ಚಾದ ಹಣಕ್ಕೆ ರೋಗಿಗೆ ಮುಖ್ಯವಾದ ಯಾವ ಫಲ ಸಿಕ್ಕಿತು ಎಂದು ಅಳೆಯಿರಿ. ಅಂದರೆ ಅಗ್ಗದ ಚಿಕಿತ್ಸೆ ಎಂದಲ್ಲ, ದುಬಾರಿಯಾದದ್ದೇ ಒಳ್ಳೆಯದು ಎಂದೂ ಅಲ್ಲ.

ನಮ್ಮ ಹ್ಯಾಂಬರ್ಗ್‌ನಲ್ಲೇ ಇದಕ್ಕೊಂದು ಉದಾಹರಣೆ ಇದೆ. 2005ರಲ್ಲಿ ಶುರುವಾದ ಮಾರ್ಟಿನಿ ಕ್ಲಿನಿಕ್ ನೋಡಿಕೊಳ್ಳುವುದು ಪ್ರಾಸ್ಟೇಟ್ ಕ್ಯಾನ್ಸರ್ ಒಂದನ್ನೇ. ಆಪರೇಷನ್ ಆಗಿ ವರ್ಷಗಳಾದರೂ ರೋಗಿಗಳಿಗೆ ಪ್ರಶ್ನಾವಳಿ ಕಳಿಸಿ ಕೇಳುತ್ತಾರೆ: ಮೂತ್ರದ ಹಿಡಿತ ಹೇಗಿದೆ? ದಾಂಪತ್ಯ ಜೀವನ ಹೇಗಿದೆ? ಉತ್ತರಗಳನ್ನು ಇಟ್ಟುಕೊಂಡು ಒಬ್ಬೊಬ್ಬ ಸರ್ಜನ್‌ನ ಫಲಿತಾಂಶವನ್ನೂ ಹೋಲಿಸಿ ನೋಡುತ್ತಾರೆ. ಹಿಂದೆ ಬಿದ್ದವರು ಮುಂದಿರುವವರಿಂದ ಕಲಿಯುತ್ತಾರೆ.

ಕೆಲವೊಮ್ಮೆ ಆಪರೇಷನ್ನೇ ಬೇಕೇ ಎಂದೂ ಕೇಳಬೇಕಾಗುತ್ತದೆ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ, ಕ್ಯಾನ್ಸರ್ ಹರಡದಿದ್ದ 1,643 ಗಂಡಸರನ್ನು ಆಪರೇಷನ್, ರೇಡಿಯೇಷನ್, ನಿಗಾ ಎಂದು ಮೂರು ಗುಂಪು ಮಾಡಿದ್ದರು. 15 ವರ್ಷಗಳ ನಂತರ ಮೂರೂ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ತೀರಿಕೊಂಡವರು 100ಕ್ಕೆ ಸುಮಾರು 2-3 ಜನ. ನಿಗಾದಲ್ಲಿದ್ದವರಲ್ಲಿ ಕ್ಯಾನ್ಸರ್ ಹರಡಿದ್ದು ಹೆಚ್ಚು. ಆಪರೇಷನ್ ಆದವರಲ್ಲಿ ಮೂತ್ರ ಸೋರಿಕೆ ಹೆಚ್ಚು. ಯಾವುದಕ್ಕೆ ಎಷ್ಟು ತೂಕ ಎನ್ನುವುದನ್ನು ರೋಗಿಯೇ ಹೇಳಬೇಕು.

ನಾವು ಊರಿನ ಡಾಕ್ಟರಿಗೆ ಕೇಳಿದ ಪ್ರಶ್ನೆಗಳು ಇವು. ನಿಮಗೂ ಉಪಯೋಗವಾಗಬಹುದು:

- ಈಗಲೇ ಆಪರೇಷನ್ ಬೇಕೇ, ನಿಗಾ ಇಟ್ಟರೆ ಸಾಕೇ?
- ವರ್ಷಕ್ಕೆ ನೀವು ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ?
- ಒಂದು ವರ್ಷದ ನಂತರ ನಿಮ್ಮ ರೋಗಿಗಳಲ್ಲಿ ಎಷ್ಟು ಜನ ಪ್ಯಾಡ್ ಬಳಸುತ್ತಿದ್ದಾರೆ?
- ಹೇಳಿದ ಖರ್ಚಿನಲ್ಲಿ ಮುಂದಿನ ತಪಾಸಣೆಗಳೂ ಸೇರಿವೆಯೇ?

ಇನ್ನೊಂದು ಮಾತು. ಅಜ್ಜ ಅಜ್ಜಿ ನಿಮ್ಮ ಜೊತೆ ವಿದೇಶದಲ್ಲೇ ಇದ್ದರೆ, ಆಸ್ಪತ್ರೆಯಲ್ಲಿ ಮಕ್ಕಳನ್ನು ದುಭಾಷಿಯಾಗಿ ಕೂರಿಸಬೇಡಿ. ಕ್ಯಾನ್ಸರ್ ಸುದ್ದಿಯನ್ನು ಅನುವಾದಿಸುವ ಹೊರೆ ಮಗುವಿನದಲ್ಲ. ಅಜ್ಜನೂ ಮೊಮ್ಮಗುವಿನ ಎದುರು ಎಲ್ಲವನ್ನೂ ಬಿಚ್ಚಿ ಹೇಳಲಾರರು. ಕನ್ನಡ ಬಲ್ಲ ದುಭಾಷಿ ಬೇಕೆಂದು ಮೊದಲೇ ಕೇಳಿ.

ಅಪ್ಪನ ಕ್ಯಾನ್ಸರ್ ನಿಧಾನವಾಗಿ ಬೆಳೆಯುವಂಥದ್ದು ಎಂದು ಪರೀಕ್ಷೆಗಳಲ್ಲಿ ಗೊತ್ತಾಯಿತು. ಡಾಕ್ಟರ ಒಪ್ಪಿಗೆಯೊಂದಿಗೆ ಈಗ ನಿಗಾದಲ್ಲಿದ್ದಾರೆ. ಎಲ್ಲರಿಗೂ ಇದು ಸರಿಹೊಂದುವುದಿಲ್ಲ, ವೇಗವಾಗಿ ಬೆಳೆಯುವ ಕ್ಯಾನ್ಸರ್ ಆದರೆ ತಡಮಾಡಬಾರದು. ಹೋದ ವಾರ ಅಪ್ಪ ಬಸ್ಸಲ್ಲೇ ಹಾಸನಕ್ಕೆ ಹೋಗಿ ಬಂದರಂತೆ. ಆ ಸುದ್ದಿಯೂ ನನಗೆ ಸಿಕ್ಕಿದ್ದು ಮಗಳಿಂದಲೇ.